ಬೇಸಿಗೆಯಲ್ಲಿ ಕಟ್ಟಿದ ಹಿಮಸಮರ

1938ರ ಬೇಸಿಗೆ. ಮಾಸ್ಕೋದ ಮಾಸ್‌ಫಿಲ್ಮ್ ಸ್ಟುಡಿಯೊ ಪಕ್ಕದ ಬಯಲನ್ನು ಸಮತಟ್ಟು ಮಾಡಿ, ಡಾಂಬರು, ಸೀಮೆಸುಣ್ಣದ ಪುಡಿ, ಉಪ್ಪು, ಸೋಡಿಯಂ ಸಿಲಿಕೇಟಿನ ದ್ರಾವಣ ಇವನ್ನೆಲ್ಲ ಹಾಸಿ ಬಳಿದು ಹೆಪ್ಪುಗಟ್ಟಿದ ಸರೋವರವೊಂದನ್ನು ತಯಾರಿಸಿದ್ದರು. ನೆತ್ತಿಯ ಮೇಲೆ ಸುಡುಬಿಸಿಲು. ಆ ಬಿಸಿಲಲ್ಲಿ ತುಪ್ಪಳದ ಟೋಪಿ, ಉಣ್ಣೆಯ ನಿಲುವಂಗಿ, ಕಬ್ಬಿಣದ ಬಳೆ ಹೆಣೆದ ಕವಚ ತೊಟ್ಟ ಜನ ಹದಿಮೂರನೆಯ ಶತಮಾನದ ಚಳಿಯಲ್ಲಿ ನಡೆದ ಕಾಳಗವನ್ನು ಆಡುತ್ತಿದ್ದರು. ಸರ್ಗೆಯ್ ಐಸೆನ್‌ಸ್ಟೈನ್ ನಿರ್ದೇಶಿಸಿದ ‘ಅಲೆಕ್ಸಾಂಡರ್ ನೆವ್‌ಸ್ಕಿ’ ಚಿತ್ರದ ಹಿಮಸಮರ ಹೀಗೆ ಸಿದ್ಧವಾಯಿತು. ಚಿತ್ರ ಅದೇ ವರ್ಷದ ಕೊನೆಗೆ ತೆರೆಕಂಡಿತು.

ಚಳಿಗಾಲದವರೆಗೆ ಕಾಯಬಹುದಿತ್ತಲ್ಲ ಎನಿಸುತ್ತದೆ. ಕಾಯುವಷ್ಟು ವ್ಯವಧಾನ ಅವರಿಗಿರಲಿಲ್ಲ. ಆದರೆ ಈ ಅನಿವಾರ್ಯದಿಂದಲೇ ಒಂದು ದೊಡ್ಡ ತೀರ್ಮಾನ ಹುಟ್ಟಿತು. ಚಳಿಗಾಲದ ಸಣ್ಣಪುಟ್ಟ ಗುರುತುಗಳನ್ನೆಲ್ಲ ನಕಲು ಮಾಡಲು ಹೋಗಬಾರದು. ಬಾಯಿಂದ ಹೊಮ್ಮುವ ಹಬೆ, ಮರದ ಕೊಂಬೆಯಲ್ಲಿ ನೇತಾಡುವ ಹಿಮದ ಕಡ್ಡಿ, ಮೀಸೆಯ ಮೇಲೆ ಕೂತ ಇಬ್ಬನಿ ಯಾವುದೂ ಬೇಡ. ನೆಲ ಬೆಳ್ಳಗಿರಬೇಕು, ಆಕಾಶ ಕಪ್ಪಾಗಿರಬೇಕು, ಅಷ್ಟೆ. ಬೆಳಕು ಕತ್ತಲೆಗಳ ಆ ಒಂದು ಪ್ರಮಾಣವನ್ನು ಹಿಡಿದರೆ ಉಳಿದ ಚಳಿಯನ್ನು ಪ್ರೇಕ್ಷಕನೇ ತುಂಬಿಕೊಳ್ಳುತ್ತಾನೆ ಎಂಬ ನಂಬಿಕೆ ಅದು. ಛಾಯಾಗ್ರಾಹಕ ಎಡುಅರ್ಡ್ ಟಿಸ್ಸೆ ಕ್ಷಿತಿಜವನ್ನು ಚೌಕಟ್ಟಿನ ಕೆಳಭಾಗಕ್ಕೆ ಒತ್ತಿಟ್ಟರು. ಮೇಲೆ ಭಾರವಾದ ಆಕಾಶ, ಕೆಳಗೆ ತೆಳ್ಳಗಿನ ಬಿಳಿ ಪಟ್ಟಿ, ಅದರ ಮೇಲೆ ಇರುವೆಸಾಲಿನಂತೆ ಮನುಷ್ಯರು. ಎಂಬತ್ತು ವರ್ಷಗಳಿಗೂ ಮಿಕ್ಕು ಕಾಲ ಸರಿದ ಮೇಲೂ ಆ ದೃಶ್ಯ ನೋಡುವವರಿಗೆ ಚಳಿಯಾಗುತ್ತದೆ.

ಐತಿಹಾಸಿಕ ಯುದ್ಧಚಿತ್ರವನ್ನು ಮೆಚ್ಚುವಾಗ ‘ನಿಜವಾದ ಯುದ್ಧವನ್ನೇ ಕಂಡಂತಾಯಿತು’ ಎನ್ನುವುದು ನಮ್ಮ ರೂಢಿ. ಶೈಲೀಕೃತ ಚಿತ್ರಗಳಿಗೆ ಆ ಅಳತೆ ಹೊಂದುವುದಿಲ್ಲ. ಅವು ಯುದ್ಧ ಹೇಗಿತ್ತು ಎಂದು ತೋರಿಸುವ ಹೊಣೆಯನ್ನು ಮೊದಲೇ ಕೆಳಗಿಟ್ಟಿರುತ್ತವೆ. ಕಾಲ, ಸದ್ದು, ಮುಖ ಈ ಮೂರರ ಬಗ್ಗೆ ತಮ್ಮದೇ ನಿಯಮವೊಂದನ್ನು ಮಾಡಿಕೊಂಡು, ಅದಕ್ಕೆ ಕೊನೆಯವರೆಗೆ ನಿಷ್ಠವಾಗಿರುತ್ತವೆ. ಯಾವ ಚಿತ್ರದ ನಿಯಮವನ್ನು ಮುಂದಿನವರು ಒಂದೋ ಪಾಲಿಸಬೇಕು, ಇಲ್ಲವೇ ಎದುರಿಸಿ ಮುರಿಯಬೇಕು, ನಡುವಿನ ದಾರಿಯೇ ಇಲ್ಲ ಎಂಬಂತಾಗುತ್ತದೆಯೋ ಆ ಚಿತ್ರ ಹೊಸ ದಾರಿ ತೆರೆಯಿತು ಎಂದು ನಾನು ಹೇಳುತ್ತೇನೆ. ‘ನೆವ್‌ಸ್ಕಿ’ ಅಂಥ ಚಿತ್ರ. ಅದರ ಬೆಲೆಯನ್ನೂ ಅದು ತೆತ್ತಿದೆ, ನಮ್ಮಿಂದಲೂ ತೆರಿಸಿದೆ.

ಮೊದಲು ಇತಿಹಾಸ. 1242ರ ಏಪ್ರಿಲ್ 5ರಂದು, ಇಂದಿನ ರಷ್ಯ ಮತ್ತು ಎಸ್ಟೋನಿಯ ಗಡಿಯಲ್ಲಿರುವ ಪೈಪಸ್ ಸರೋವರದ ಬಳಿ ನವ್ಗೊರೊದ್‌ನ ರಾಜಕುಮಾರ ಅಲೆಕ್ಸಾಂಡರ್ ಜರ್ಮನ್ ಯೋಧಸನ್ಯಾಸಿಗಳ ಪಡೆಯನ್ನು ಸೋಲಿಸಿದ. ರಷ್ಯನ್ನರು ಸರೋವರವನ್ನು ಚೂದ್‌ಸ್ಕೊಯೆ ಎನ್ನುತ್ತಾರೆ. ಕದನದ ಬಗ್ಗೆ ಸಿಗುವ ಹಳೆಯ ಮಾತುಗಳು ಕೆಲವೇ ಸಾಲು. ನವ್ಗೊರೊದ್‌ನ ವೃತ್ತಾಂತ 400 ಜರ್ಮನ್ನರು ಸತ್ತರು, 50 ಜನ ಸೆರೆಯಾದರು ಎನ್ನುತ್ತದೆ. ಸೋತವರ ಕಡೆಯ ಲಿವೋನಿಯನ್ ಪದ್ಯವೃತ್ತಾಂತ ಸತ್ತ ಯೋಧಸನ್ಯಾಸಿಗಳು 20, ಸೆರೆಸಿಕ್ಕವರು 6 ಎಂದು ಲೆಕ್ಕ ಕೊಡುತ್ತದೆ. ಎರಡೂ ಕಡೆಯವರು ಹುಲ್ಲಿನ ಮೇಲೆ ಬಿದ್ದರೆಂದೂ ಅದೇ ಪದ್ಯವೃತ್ತಾಂತ ಹೇಳುತ್ತದೆ. ಹಿಮ ಒಡೆದು ಭಾರವಾದ ಕವಚದ ಜರ್ಮನ್ನರು ಮುಳುಗಿದ ಸುದ್ದಿ ಈ ಎರಡರಲ್ಲೂ ಇಲ್ಲ. ಚಿತ್ರ ನೋಡಿದ ಯಾರೂ ಮರೆಯದ ಸಂಗತಿ ಅದೊಂದೇ ಎಂಬುದನ್ನು ನೆನಪಿಡಬೇಕು.

ದಾಖಲೆ ಕಡಿಮೆಯಿದ್ದುದು ಐಸೆನ್‌ಸ್ಟೈನ್‌ಗೆ ಅನುಕೂಲವೇ ಆಯಿತು. ಆಗ ಆತನಿಗೆ ನಲವತ್ತು ವರ್ಷ. ‘ಬ್ಯಾಟಲ್‌ಶಿಪ್ ಪೊಟೆಮ್‌ಕಿನ್’ ತೆಗೆದು ಹದಿಮೂರು ವರ್ಷವಾಗಿತ್ತು. ಹಾಲಿವುಡ್ ಆತನನ್ನು ಕರೆಸಿಕೊಂಡು ಒಂದೂ ಚಿತ್ರ ಕೊಡದೆ ಕಳಿಸಿತ್ತು. ಮೆಕ್ಸಿಕೋದಲ್ಲಿ ತೆಗೆದ ಚಿತ್ರ ಕೈತಪ್ಪಿತ್ತು. ‘ಬೆಝಿನ್ ಹುಲ್ಲುಗಾವಲು’ ಚಿತ್ರವನ್ನು 1937ರಲ್ಲಿ ಸರ್ಕಾರವೇ ನಿಲ್ಲಿಸಿ, ಆತ ಬಹಿರಂಗವಾಗಿ ತಪ್ಪೊಪ್ಪಿಕೊಳ್ಳುವಂತೆ ಮಾಡಿತ್ತು. ಜನ ಕಾಣೆಯಾಗುತ್ತಿದ್ದ ವರ್ಷಗಳವು. ಅಂಥ ಹೊತ್ತಿನಲ್ಲಿ ಕೈಗೆ ಬಂದ ‘ನೆವ್‌ಸ್ಕಿ’ ಆತನ ಪಾಲಿಗೆ ಜೀವದಾನ. ಚಿತ್ರಕಥೆಗೆ ಪ್ಯೋತರ್ ಪಾವ್ಲೆಂಕೊ, ನಿರ್ದೇಶನಕ್ಕೆ ಜೊತೆಯಾಗಿ ದ್ಮಿತ್ರಿ ವಸೀಲ್ಯೆವ್. ಇಬ್ಬರನ್ನೂ ಸೇರಿಸಿದ್ದರಲ್ಲಿ ಐಸೆನ್‌ಸ್ಟೈನ್ ದಾರಿತಪ್ಪದಂತೆ ನೋಡಿಕೊಳ್ಳುವ ಉದ್ದೇಶವೂ ಇತ್ತು. ಹಿಟ್ಲರನ ಜರ್ಮನಿ ಗಡಿಯ ಕಡೆಗೆ ನೋಡುತ್ತಿದ್ದಾಗ, ಜರ್ಮನ್ನರನ್ನು ಒಮ್ಮೆ ಓಡಿಸಿದ್ದೆವು ಎಂದು ನೆನಪಿಸುವ ಕಥೆ ಬೇಕಾಗಿತ್ತು.

ಇಷ್ಟು ಬಿಗಿಯಾದ ಬೇಲಿಯೊಳಗೆ ಆತ ಏನು ಮಾಡಿದ ಎನ್ನುವುದೇ ವಿಷಯ.

ಎರಡು ಗಂಟೆಗೆ ಹತ್ತಿರದ ಚಿತ್ರದಲ್ಲಿ ಹಿಮದ ಮೇಲಿನ ಕದನ ಸುಮಾರು ಅರ್ಧ ಗಂಟೆ ಹಿಡಿಯುತ್ತದೆ. ಅದುವರೆಗೆ ಒಂದು ಕದನಕ್ಕೆ ಇಷ್ಟು ಹೊತ್ತು ಕೊಟ್ಟು, ಅದನ್ನು ಸಂಗೀತ ಕೃತಿಯೊಂದರ ಹಾಗೆ ಭಾಗಭಾಗವಾಗಿ ಬೆಳೆಸಿದ ಧ್ವನಿಚಿತ್ರ ನನಗೆ ಗೊತ್ತಿರುವಂತೆ ಇಲ್ಲ. ಅರ್ಧ ಗಂಟೆಯೂ ಕತ್ತಿ ಬೀಸುವುದಿಲ್ಲ. ಮೊದಲು ಬರುವುದು ಕಾಯುವಿಕೆ. ಬಂಡೆಯ ಮೇಲೆ ಅಲೆಕ್ಸಾಂಡರ್ ನಿಂತಿದ್ದಾನೆ, ಕೆಳಗೆ ಸೈನಿಕರ ಸಾಲು. ಯಾರೂ ಅಲುಗುವುದಿಲ್ಲ. ಒಂದು ಶಾಟ್‌ನಿಂದ ಇನ್ನೊಂದಕ್ಕೆ ಹೋದರೂ ಏನೂ ಘಟಿಸುವುದಿಲ್ಲ, ಬರಿ ಎದೆಬಡಿತ ಹೆಚ್ಚುತ್ತದೆ. ಆಮೇಲೆ ದೂರದ ಕ್ಷಿತಿಜದಲ್ಲಿ ಒಂದು ಸಣ್ಣ ಗೆರೆ ಕಾಣಿಸುತ್ತದೆ. ಗೆರೆ ದಪ್ಪವಾಗುತ್ತದೆ, ಬಿಳಿಯ ಅಲೆಯಾಗುತ್ತದೆ, ಅಲೆಯಲ್ಲಿ ಶಿಲುಬೆಯ ಗುರುತುಗಳು, ಈಟಿಗಳು, ಕುದುರೆಗಳ ಕಾಲುಗಳು ಒಂದೊಂದಾಗಿ ಬಿಡಿಬಿಡಿಯಾಗಿ ತೋರುತ್ತವೆ. ಮತ್ತೆ ಕಾಯುತ್ತಿರುವವರ ಮುಖ. ಮತ್ತೆ ಅಲೆ, ಈಗ ಇನ್ನಷ್ಟು ಹತ್ತಿರ. ಕುದುರೆಗಳು ಅಷ್ಟು ದೂರವನ್ನು ಇದಕ್ಕಿಂತ ಎಷ್ಟೋ ಬೇಗ ದಾಟಬಲ್ಲವು. ಚಿತ್ರ ಮಾತ್ರ ಆ ದೂರವನ್ನು ಎಳೆದೆಳೆದು ಉದ್ದ ಮಾಡುತ್ತದೆ, ಭಯಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು.

ಕರಾವಳಿ, ಮಲೆನಾಡಿನ ಓದುಗರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಯಕ್ಷಗಾನದಲ್ಲಿ ಬಣ್ಣದ ವೇಷದ ಒಡ್ಡೋಲಗ ನೋಡಿದವರಿಗೆ ಆ ಎಳೆತ ಮೈಯಲ್ಲೇ ಇದೆ. ರಕ್ಕಸ ನೇರವಾಗಿ ರಂಗಕ್ಕೆ ಬಂದು ನಿಲ್ಲುವುದಿಲ್ಲ. ತೆರೆಯ ಹಿಂದೆ ಅಬ್ಬರ, ತೆರೆಯ ಮೇಲಂಚಿನಲ್ಲಿ ಕಿರೀಟದ ತುದಿ, ಚಂಡೆಯ ಏರಿಕೆ. ಪೂರ್ತಿ ವೇಷ ಕಾಣುವ ಹೊತ್ತಿಗೆ ಮಕ್ಕಳು ಅಮ್ಮನ ಸೆರಗು ಹಿಡಿದಾಗಿರುತ್ತದೆ. ಇದು ಬರಿ ಹೋಲಿಕೆಗಾಗಿ ಹೇಳಿದ ಮಾತಲ್ಲ. ಐಸೆನ್‌ಸ್ಟೈನ್ ಏಷ್ಯದ ರಂಗಭೂಮಿಗೆ ನೇರವಾಗಿ ಋಣಿ. 1928ರಲ್ಲಿ ಜಪಾನಿನ ಕಬುಕಿ ತಂಡ ಮಾಸ್ಕೋಗೆ ಬಂದಾಗ ಆತ ನೋಡಿ ಬೆರಗಾಗಿ ಬರೆದ. ಅಲ್ಲಿ ಸದ್ದು, ಚಲನೆ, ರಂಗದ ಜಾಗ, ಮಾತು ಇವು ಒಂದಕ್ಕೊಂದು ಪಕ್ಕವಾದ್ಯವಲ್ಲ, ಎಲ್ಲವೂ ಸರಿಸಮ, ಒಂದು ನಿಂತಲ್ಲಿ ಇನ್ನೊಂದು ಮುಂದುವರಿಸುತ್ತದೆ ಎಂಬುದು ಆತ ಗ್ರಹಿಸಿದ ಸಂಗತಿ. 1935ರಲ್ಲಿ ಚೀನೀ ನಟ ಮೆಯ್ ಲಾನ್‌ಫಾಂಗ್ ಮಾಸ್ಕೋಗೆ ಬಂದಾಗಲೂ ಹಾಗೆಯೇ ಬೆನ್ನು ಹತ್ತಿ ನೋಡಿದ, ಆತನ ಆಟದ ತುಣುಕನ್ನು ಚಿತ್ರೀಕರಿಸಿಯೂ ಕೊಂಡ. ಧ್ವನಿ ಸಿನಿಮಾಕ್ಕೆ ಬಂದ ಹೊಸತರಲ್ಲಿ ಪುಡೋವ್ಕಿನ್ ಮತ್ತು ಅಲೆಕ್ಸಾಂದ್ರೊವ್ ಜೊತೆ ಸೇರಿ ಆತ ಹೊರಡಿಸಿದ ಹೇಳಿಕೆಯೂ 1928ರದ್ದೇ. ಬಾಯಿ ಆಡಿದಾಗ ಮಾತು, ಬಾಗಿಲು ಬಡಿದಾಗ ಸದ್ದು ಎಂಬ ಬಳಕೆಗೆ ಧ್ವನಿ ಇಳಿದರೆ ಸಿನಿಮಾ ಕೆಡುತ್ತದೆ ಎಂಬ ಎಚ್ಚರಿಕೆ ಅದರಲ್ಲಿತ್ತು. ಹತ್ತು ವರ್ಷ ಆ ಮಾತನ್ನು ಮಾಡಿ ತೋರಿಸುವ ಅವಕಾಶ ಸಿಕ್ಕಿರಲಿಲ್ಲ. ಆತ ಪೂರ್ಣಗೊಳಿಸಿದ ಮೊದಲ ಧ್ವನಿಚಿತ್ರ ‘ನೆವ್‌ಸ್ಕಿ’.

ಈಗ ಸಂಗೀತಕ್ಕೆ ಬರಬೇಕು. ಈ ಚಿತ್ರದ ಅರ್ಧ ಜೀವ ಅಲ್ಲಿದೆ. ಸರ್ಗೆಯ್ ಪ್ರೊಕೊಫಿಯೆವ್ ಅನೇಕ ವರ್ಷ ಹೊರದೇಶಗಳಲ್ಲಿದ್ದು 1936ರಲ್ಲಿ ಮಾಸ್ಕೋಗೆ ಮರಳಿ ನೆಲೆಸಿದ್ದ ಸಂಗೀತಕಾರ. 1938ರ ಮೊದಲ ತಿಂಗಳುಗಳಲ್ಲಿ ಅಮೆರಿಕಕ್ಕೆ ಕಛೇರಿಗೆ ಹೋದಾಗ ಹಾಲಿವುಡ್ಡಿನ ಧ್ವನಿಮುದ್ರಣ ಕೊಠಡಿಗಳನ್ನು ಹೊಕ್ಕು ನೋಡಿ ಬಂದಿದ್ದ. ಅವನೂ ಐಸೆನ್‌ಸ್ಟೈನೂ ಕೆಲಸ ಮಾಡಿದ ರೀತಿಯನ್ನು ಐಸೆನ್‌ಸ್ಟೈನ್ ಆಮೇಲೆ ಅಕ್ಕರೆಯಿಂದ ಬರೆದಿದ್ದಾನೆ. ರಾತ್ರಿ ಕತ್ತಲ ಕೋಣೆಯಲ್ಲಿ ಇಬ್ಬರೂ ಹೊಸ ತುಣುಕು ನೋಡುತ್ತಾರೆ. ಪ್ರೊಕೊಫಿಯೆವ್‌ನ ಬೆರಳುಗಳು ಕುರ್ಚಿಯ ಕೈ ಮೇಲೆ ತಾಳ ಹಾಕುತ್ತಿರುತ್ತವೆ. ನಾಳೆ ಮಧ್ಯಾಹ್ನ ಹನ್ನೆರಡಕ್ಕೆ ಸಂಗೀತ ಸಿಗುತ್ತದೆ ಎಂದು ಹೇಳಿ ಹೊರಡುತ್ತಾನೆ. ಮರುದಿನ 11 ಗಂಟೆ 55 ನಿಮಿಷಕ್ಕೆ ಸಣ್ಣ ನೀಲಿ ಕಾರು ಸ್ಟುಡಿಯೊ ಗೇಟಿನೊಳಗೆ ಬರುತ್ತದೆ, ಕೈಯಲ್ಲಿ ಸ್ವರಲಿಪಿಯ ಹಾಳೆ ಇರುತ್ತದೆ. ಕೆಲವು ಭಾಗಗಳಿಗೆ ಸಂಕಲನ ಮುಗಿದ ಮೇಲೆ ಸಂಗೀತ ಬಂತು. ಇನ್ನು ಕೆಲವಕ್ಕೆ ಸಂಗೀತ ಮೊದಲು ಮುದ್ರಣವಾಗಿ, ಅದರ ಅಳತೆಗೆ ಚಿತ್ರವನ್ನು ಕತ್ತರಿಸಲಾಯಿತು. ಹಿನ್ನೆಲೆ ಸಂಗೀತ ಎಂಬ ಪದವೇ ಇಲ್ಲಿ ಸಾಲದಾಗುತ್ತದೆ, ಯಾವುದು ಹಿನ್ನೆಲೆ ಎಂದು ಹೇಳಲಾಗದ ಸ್ಥಿತಿ ಅದು.

ಮುದ್ರಣದಲ್ಲಿ ಪ್ರೊಕೊಫಿಯೆವ್ ಮಾಡಿದ ಪ್ರಯೋಗ ಆ ಕಾಲಕ್ಕೆ ಧೈರ್ಯದ್ದು. ಜರ್ಮನ್ನರ ಕಹಳೆಗಳು ರಷ್ಯನ್ ಕಿವಿಗೆ ಕರ್ಕಶವಾಗಿಯೇ ಕೇಳಿರಬೇಕು ಎಂದು ಯೋಚಿಸಿ, ಹಿತ್ತಾಳೆ ವಾದ್ಯಗಳನ್ನು ಮೈಕಿನ ಬಾಯಿಗೇ ಹಿಡಿದು ಊದಿಸಿದ. ಸದ್ದು ಒಡೆದು ಚೀರಿತು. ಯಾವ ಧ್ವನಿ ತಂತ್ರಜ್ಞನೂ ದೋಷವೆಂದು ಅಳಿಸಿಹಾಕುವ ಆ ಒಡಕನ್ನು ಅವನು ವೈರಿಯ ದನಿಯಾಗಿ ಉಳಿಸಿಕೊಂಡ. ವಾದ್ಯಗಳ ಸಹಜ ಬಲವನ್ನೂ ತಲೆಕೆಳಗು ಮಾಡಿದ. ಮೆಲುದನಿಯ ಬಸೂನ್ ಮೈಕಿಗೆ ಹತ್ತಿರ ಕೂತರೆ, ಗಟ್ಟಿದನಿಯ ಟ್ರೊಂಬೋನ್ ದೂರ ಕೂತರೆ, ಯಾವ ಕಛೇರಿಯಲ್ಲೂ ಕೇಳಲಾಗದ ಹೊಸ ಪ್ರಮಾಣ ಸಿಗುತ್ತದೆ. ವಾದ್ಯವೃಂದದ ಭಾಗಗಳನ್ನೂ ಗಾಯಕವೃಂದವನ್ನೂ ಬೇರೆ ಬೇರೆ ಕೋಣೆಗಳಲ್ಲಿ ಕೂರಿಸಿ ಮುದ್ರಿಸಿ, ಬೇಕಾದ ಹದಕ್ಕೆ ಬೆರೆಸಿದ್ದೂ ಉಂಟು. ಇಂದು ಮನೆಯ ಕಂಪ್ಯೂಟರಿನಲ್ಲಿ ಹಾಡು ಮಿಶ್ರಣ ಮಾಡುವ ಹುಡುಗರಿಗೆ ಇದು ನೀರು ಕುಡಿದಷ್ಟು ಸುಲಭ. 1938ರಲ್ಲಿ ಮೈಕನ್ನು ಕೇಳಿಸಿಕೊಳ್ಳುವ ಉಪಕರಣ ಎಂದಷ್ಟೇ ನೋಡುತ್ತಿದ್ದರು, ಅದೇ ಒಂದು ವಾದ್ಯ ಎಂದು ಯೋಚಿಸಿದವರು ಬಹಳ ಇರಲಿಲ್ಲ.

ಹದಿಮೂರನೆಯ ಶತಮಾನದ ನಿಜವಾದ ಕ್ಯಾಥೊಲಿಕ್ ಗಾಯನವನ್ನೇ ಬಳಸಿದರೇನು ಎಂದು ಪ್ರೊಕೊಫಿಯೆವ್ ಮೊದಲು ಯೋಚಿಸಿದ್ದುಂಟು. ಹುಡುಕಿ ಕೇಳಿದ ಮೇಲೆ ಬಿಟ್ಟುಬಿಟ್ಟ. ಏಳು ಶತಮಾನಗಳಲ್ಲಿ ಆ ಸಂಗೀತ ನಮ್ಮ ಭಾವಕ್ಕೆ ಎಷ್ಟು ದೂರವಾಗಿದೆಯೆಂದರೆ ಅದರಿಂದ ಭಯವೂ ಹುಟ್ಟದು, ಭಕ್ತಿಯೂ ಹುಟ್ಟದು ಎಂದು ಅವನಿಗೆ ಅನ್ನಿಸಿತು. ಆಗಿನ ಸಂಗೀತ ಹೇಗಿತ್ತೋ ಹಾಗಲ್ಲ, ಇಂದು ನಾವು ಅದನ್ನು ಹೇಗೆ ಊಹಿಸಿಕೊಳ್ಳುತ್ತೇವೋ ಹಾಗೆ ರಚಿಸಿದ. ಯೋಧರು ಹಾಡುವ ಲ್ಯಾಟಿನ್ ಸಾಲುಗಳು ಕೂಡ ಅರ್ಥ ಕೂಡದ ಪದಗಳ ಜೋಡಣೆ. ಪ್ರಾರ್ಥನೆಯ ಗತ್ತು ಇದೆ, ಪ್ರಾರ್ಥನೆ ಇಲ್ಲ. ಶೈಲೀಕೃತ ಐತಿಹಾಸಿಕ ಚಿತ್ರದ ಇಡೀ ತರ್ಕ ಈ ಒಂದು ತೀರ್ಮಾನದಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಅಧಿಕೃತತೆಯನ್ನು ಹುಡುಕಿ, ಕೈಗೆ ತೆಗೆದುಕೊಂಡು, ನೋಡಿ, ಪಕ್ಕಕ್ಕಿಡುವುದು. ಹುಡುಕದೆಯೇ ಬಿಟ್ಟವನಿಗೂ ಹುಡುಕಿ ಬಿಟ್ಟವನಿಗೂ ತೆರೆಯ ಮೇಲೆ ವ್ಯತ್ಯಾಸ ಕಾಣುತ್ತದೆ.

ಆಮೇಲೆ ಇನ್ನೊಂದು ಚಾಣಾಕ್ಷ ಹೆಜ್ಜೆ. ಅಲೆ ಹತ್ತಿರ ಬಂದು ಎರಡು ಸೇನೆಗಳು ಡಿಕ್ಕಿ ಹೊಡೆಯುವವರೆಗೆ ಸಂಗೀತ ಏರುತ್ತಾ ಬರುತ್ತದೆ. ಡಿಕ್ಕಿಯಾದ ಮೇಲೆ ಅದು ನಿಂತು, ಲೋಹಕ್ಕೆ ಲೋಹ ತಾಗುವ ಸದ್ದು ತೆರೆಯನ್ನು ಆಕ್ರಮಿಸುತ್ತದೆ. ಹೊಡೆದಾಟದ ಹಲವು ಭಾಗಗಳನ್ನು ಟಿಸ್ಸೆ ಕ್ಯಾಮೆರಾವನ್ನು ನಿಧಾನಕ್ಕೆ ಓಡಿಸಿ ತೆಗೆದ ಕಾರಣ, ತೆರೆಯ ಮೇಲೆ ಕೈಕಾಲುಗಳು ಸಹಜಕ್ಕಿಂತ ಬೇಗ, ಕೊಂಚ ಗೊಂಬೆಗಳಂತೆ ಆಡುತ್ತವೆ. ಇಂದಿನ ಕಣ್ಣಿಗೆ ಇದು ಹಳತೆನಿಸಬಹುದು. ನಿಜ ಹೇಳಬೇಕೆಂದರೆ ಅರ್ಧ ಗಂಟೆಯಲ್ಲಿ ನಡುವಿನ ಕೆಲವು ನಿಮಿಷಗಳು ಜಾಳಾಗಿವೆ. ಆದರೆ ಅದೇ ಜಾಳಿನ ನಡುವೆ ಮುದುಕ ಇಗ್ನಾತ್ ಸಿಗುತ್ತಾನೆ. ಅವನು ಕವಚ ಮಾಡುವ ಕಮ್ಮಾರ. ಊರಿನ ಎಲ್ಲರಿಗೂ ಅಳತೆಗೆ ತಕ್ಕ ಕವಚ ಹಂಚಿ, ಕೊನೆಗೆ ತನಗೆ ಉಳಿದ ಕವಚ ತೊಟ್ಟು ನೋಡಿ ಸ್ವಲ್ಪ ಗಿಡ್ಡವಾಯಿತಲ್ಲ ಎಂದು ಗೊಣಗಿರುತ್ತಾನೆ. ಕದನದ ಕೊನೆಗೆ ಅಡಗಿಸಿಟ್ಟ ಚಾಕುವಿನಿಂದ ಒಬ್ಬ ವೈರಿ ಅವನನ್ನು ತಿವಿಯುತ್ತಾನೆ. ಇಗ್ನಾತ್ ಸಾಯುವಾಗ ಆಡುವುದೂ ಗಿಡ್ಡ ಕವಚದ ಅದೇ ಮಾತು. ಸಾವಿರ ಈಟಿಗಳ ದೃಶ್ಯ ಮಾಡಲಾಗದ ಕೆಲಸವನ್ನು ಒಂದು ಗೇಣು ಕಡಿಮೆಯಾದ ಕಬ್ಬಿಣ ಮಾಡುತ್ತದೆ.

ಐಸೆನ್‌ಸ್ಟೈನ್‌ಗೆ ತನ್ನ ವಿಧಾನವನ್ನು ಸಿದ್ಧಾಂತವಾಗಿಸುವ ಹಂಬಲ ಬಲವಾಗಿತ್ತು. 1942ರಲ್ಲಿ ಇಂಗ್ಲಿಷಿನಲ್ಲಿ ಬಂದ ‘ದಿ ಫಿಲ್ಮ್ ಸೆನ್ಸ್’ ಪುಸ್ತಕದಲ್ಲಿ ದಾಳಿಗೆ ಮುಂಚಿನ ಕಾಯುವಿಕೆಯ 12 ಶಾಟ್‌ಗಳನ್ನೂ ಅವುಗಳ ಜೊತೆ ಬರುವ 17 ತಾಳಖಂಡಗಳ ಸ್ವರಲಿಪಿಯನ್ನೂ ಒಂದರ ಕೆಳಗೊಂದಿಟ್ಟು ನಕಾಶೆ ಬರೆದಿದ್ದಾನೆ. ಚಿತ್ರದ ಗೆರೆ ಏರಿದಲ್ಲಿ ಸ್ವರದ ಗೆರೆ ಏರುತ್ತದೆ, ಇಳಿದಲ್ಲಿ ಇಳಿಯುತ್ತದೆ ಎಂಬ ವಾದ. ಸಂಗೀತಕಾರ ಹಾನ್ಸ್ ಐಸ್ಲರ್ ಮತ್ತು ಚಿಂತಕ ಥಿಯೊಡೊರ್ ಅಡೋರ್ನೊ 1947ರ ತಮ್ಮ ಪುಸ್ತಕದಲ್ಲಿ ಇದನ್ನು ಬಲವಾಗಿ ಟೀಕಿಸಿದರು. ಚಿತ್ರಕ್ಕೆ ಹೋಲುತ್ತಿರುವುದು ಕಾಗದದ ಮೇಲೆ ಬರೆದ ಸ್ವರಗಳ ಆಕಾರ, ಕಿವಿಗೆ ಕೇಳುವ ಸಂಗೀತವಲ್ಲ ಎಂಬುದು ಅವರ ಆಕ್ಷೇಪ. ಕಣ್ಣು ಚಿತ್ರವೊಂದನ್ನು ಒಂದೇ ಸಲಕ್ಕೆ ಗ್ರಹಿಸುತ್ತದೆ, ಸಂಗೀತ ಸಮಯದಲ್ಲಿ ಹರಿಯುತ್ತದೆ, ಎಡದಿಂದ ಬಲಕ್ಕೆ ಎರಡನ್ನೂ ಹೊಂದಿಸುವುದು ಹೇಗೆ? ಆಕ್ಷೇಪ ಸರಿಯಾಗಿದೆ. ಆದರೂ ಆ 12 ಶಾಟ್‌ಗಳು ನೋಡುವವರ ಉಸಿರು ಹಿಡಿದು ನಿಲ್ಲಿಸುತ್ತವೆ. ನಕಾಶೆ ಸೋತರೂ ದೃಶ್ಯ ಗೆದ್ದಿದೆ. ಕಲಾವಿದನೊಬ್ಬ ತನ್ನ ಕೆಲಸಕ್ಕೆ ಕೊಡುವ ವಿವರಣೆ ತಪ್ಪಿದ್ದ ಮಾತ್ರಕ್ಕೆ ಕೆಲಸ ತಪ್ಪಾಗುವುದಿಲ್ಲ.

ಈ ನಿಯಮದ ಪ್ರಭಾವ ಬೇಗನೆ ಹಬ್ಬಿತು. ಲಾರೆನ್ಸ್ ಒಲಿವಿಯರ್ 1944ರಲ್ಲಿ ತೆರೆಗೆ ತಂದ ‘ಹೆನ್ರಿ ದಿ ಫಿಫ್ತ್’ ಚಿತ್ರದಲ್ಲಿ ಫ್ರೆಂಚ್ ಅಶ್ವದಳ ನಡಿಗೆಯಿಂದ ನಾಗಾಲೋಟಕ್ಕೆ ಏರುವ ದೃಶ್ಯವಿದೆ. ವಿಲಿಯಂ ವಾಲ್ಟನ್ ಸಂಗೀತವೂ ಅದರ ಜೊತೆಗೇ ಏರುತ್ತದೆ. ಕಣ್ಣಿಗೆ ಹಬ್ಬ, ಆದರೆ ಸಾಲ ಎಲ್ಲಿಂದ ಬಂತೆಂಬುದು ಎದ್ದು ಕಾಣುತ್ತದೆ. ಸಾಲವನ್ನು ತಲೆಕೆಳಗು ಮಾಡಿದವನು ಆರ್ಸನ್ ವೆಲ್ಸ್. 1965ರ ‘ಚೈಮ್ಸ್ ಅಟ್ ಮಿಡ್‌ನೈಟ್’ನಲ್ಲಿ 1403ರ ಶ್ರೂಸ್‌ಬರಿ ಕದನ ಮೊದಲಿಗೆ ಧ್ವಜ, ಕುದುರೆ, ಮಂಜು ಎಂದು ಚೆಂದವಾಗಿಯೇ ತೊಡಗುತ್ತದೆ. ನಿಮಿಷಗಳಲ್ಲಿ ಶಾಟ್‌ಗಳು ಗಿಡ್ಡವಾಗುತ್ತಾ, ಕೆಸರು ಏರುತ್ತಾ, ಕೊನೆಗೆ ಯಾವ ಕಡೆಯವನು ಯಾರು ಎಂದು ಗುರುತಿಸಲಾಗದ ಮಣ್ಣಿನ ಮುದ್ದೆಗಳು ಒಂದನ್ನೊಂದು ಬಡಿಯುತ್ತಿರುತ್ತವೆ. ಮ್ಯಾಡ್ರಿಡ್‌ನ ಒಂದು ಉದ್ಯಾನದಲ್ಲಿ, ಇನ್ನೂರಕ್ಕೂ ಕಡಿಮೆ ಜನರನ್ನಿಟ್ಟುಕೊಂಡು ತೆಗೆದ ದೃಶ್ಯ ಅದು. ಹಣವಿಲ್ಲದ ಕೊರತೆ ಸಂಕಲನದಲ್ಲಿ ಬಲವಾಯಿತು.

ಆದರೆ ‘ನೆವ್‌ಸ್ಕಿ’ಯ ನಿಯಮಕ್ಕೆ ಸರಿಸಮನಾದ ಇನ್ನೊಂದು ನಿಯಮ ಮಾಡಿದವನು ಅಕಿರ ಕುರೋಸವ. 1980ರ ‘ಕಗೆಮುಷ’ ಚಿತ್ರದ ಕೊನೆಗೆ 1575ರ ನಗಶಿನೊ ಕದನ ಬರುತ್ತದೆ. ತಕೆದ ವಂಶದ ಹೆಸರಾಂತ ಅಶ್ವದಳ ಬಂದೂಕುಗಳ ಎದುರು ನುಗ್ಗಿ ನಾಶವಾದ ಕದನ. ಕುರೋಸವ ದಳ ಹೊರಡುವುದನ್ನು ತೋರಿಸುತ್ತಾನೆ, ಗುಂಡಿನ ಸದ್ದು ಕೇಳಿಸುತ್ತಾನೆ. ಸಾಯುವುದನ್ನು ತೋರಿಸುವುದಿಲ್ಲ. ಗುಡ್ಡದ ಮೇಲೆ ಕುಳಿತು ನೋಡುತ್ತಿರುವವರ ಮುಖಗಳನ್ನಷ್ಟೇ ತೋರಿಸುತ್ತಾನೆ. ಒಂದು ದಳ ಹೋಗುತ್ತದೆ, ಗುಂಡು, ಮುಖ. ಇನ್ನೊಂದು ದಳ, ಗುಂಡು, ಮುಖ. ಎಲ್ಲ ಮುಗಿದ ಮೇಲೆ ಬಯಲಿನ ತುಂಬ ಏಳಲು ಹೆಣಗುವ ಕುದುರೆಗಳು. ಐದು ವರ್ಷದ ಬಳಿಕ ‘ರಾನ್’ನಲ್ಲಿ ಕೋಟೆಯ ಮುತ್ತಿಗೆ ನಡೆಯುವಾಗ ಎಲ್ಲ ಸದ್ದನ್ನೂ ಅಳಿಸಿಬಿಟ್ಟ. ರಕ್ತ, ಬೆಂಕಿ, ಬಾಣ, ಕೂಗುವ ಬಾಯಿ ಕಾಣುತ್ತವೆ, ತೊರು ತಕೆಮಿತ್ಸುವಿನ ಸಂಗೀತ ಮಾತ್ರ ಕೇಳುತ್ತದೆ. ಒಂದೇ ಒಂದು ಗುಂಡು ಹಾರಿ ಜಗತ್ತಿನ ಸದ್ದೆಲ್ಲ ಒಮ್ಮೆಗೇ ಮರಳುತ್ತದೆ. ಐಸೆನ್‌ಸ್ಟೈನ್ ಸಂಗೀತದಿಂದ ನಮ್ಮನ್ನು ಕದನದೊಳಕ್ಕೆ ನೂಕಿದ್ದ. ಕುರೋಸವ ಸಂಗೀತದಿಂದಲೇ ನಮ್ಮನ್ನು ಕದನದಿಂದ ಮೇಲಕ್ಕೆತ್ತಿ, ಏನೂ ಮಾಡಲಾಗದ ಎತ್ತರದಲ್ಲಿ ನಿಲ್ಲಿಸಿದ. ನನಗೆ ಕೇಳಿದರೆ ಇಬ್ಬರಲ್ಲಿ ದೊಡ್ಡ ಎದೆಯವನು ಕುರೋಸವ.

ಏಕೆಂದರೆ ‘ನೆವ್‌ಸ್ಕಿ’ಯ ಮೂರನೆಯ ನಿಯಮ ಮುಖದ ಬಗ್ಗೆ, ಅಲ್ಲಿ ನನ್ನ ಮೆಚ್ಚುಗೆ ತೊಡಕಿಗೆ ಸಿಗುತ್ತದೆ. ರಷ್ಯನ್ ಸೈನಿಕರಿಗೆಲ್ಲ ಮುಖವಿದೆ. ನಗುತ್ತಾರೆ, ಸಿಟ್ಟಾಗುತ್ತಾರೆ, ಪೋಲಿ ಕಥೆ ಹೇಳುತ್ತಾರೆ. ಜರ್ಮನ್ ಯೋಧರು ಬಕೆಟ್ಟಿನಂಥ ಶಿರಸ್ತ್ರಾಣದೊಳಗೆ ಮುಚ್ಚಿಹೋಗಿದ್ದಾರೆ, ಕಣ್ಣಿಗೆ ಸೀಳು ಮಾತ್ರ. ಅವರ ಕಾಲಾಳುಗಳ ಶಿರಸ್ತ್ರಾಣಗಳು ಇಪ್ಪತ್ತನೆಯ ಶತಮಾನದ ಜರ್ಮನ್ ಸೈನಿಕರದ್ದನ್ನು ಹೋಲುತ್ತವೆ, ಬಿಷಪ್‌ನ ಟೋಪಿಯ ಮೇಲೆ ಸಣ್ಣ ಸ್ವಸ್ತಿಕಗಳಿವೆ. ಪ್ಸ್ಕೊವ್ ಊರನ್ನು ಗೆದ್ದ ಅವರು ಎಳೆಮಕ್ಕಳನ್ನು ಬೆಂಕಿಗೆ ಎಸೆಯುತ್ತಾರೆ. ಬಿಳಿಯನ್ನು ಕ್ರೌರ್ಯಕ್ಕೂ ಕಪ್ಪನ್ನು ಒಳಿತಿಗೂ ಕೊಟ್ಟು ರೂಢಿಯನ್ನು ತಿರುಗಿಸಿದ್ದು ಕಲಾತ್ಮಕವಾಗಿ ಸೊಗಸಾದ ನಡೆ. ಬಣ್ಣಕ್ಕೆ ತನ್ನದೇ ಅರ್ಥವಿಲ್ಲ, ಚಿತ್ರ ಕೊಟ್ಟ ಅರ್ಥವೇ ಅದರದ್ದು ಎಂದು ಐಸೆನ್‌ಸ್ಟೈನ್ ಇದನ್ನೇ ಉದಾಹರಿಸಿದ. ಆದರೆ ಮುಖವಿಲ್ಲದವನು ಹಿಮದಡಿ ಮುಳುಗುವಾಗ ಯಾರಿಗೂ ಉಸಿರು ಕಟ್ಟುವುದಿಲ್ಲ. ಗಾಳಿ ತುಂಬಿದ ತೇಲುಚೀಲಗಳ ಮೇಲೆ ನಕಲಿ ಹಿಮದ ಹಲಗೆಗಳನ್ನಿಟ್ಟು, ಗಾಳಿ ಬಿಟ್ಟು ಅವರನ್ನು ಮುಳುಗಿಸಲಾಯಿತು. ಬಿಳಿ ಬಟ್ಟೆ ನೀರಿನೊಳಗೆ ಜಾರುವುದನ್ನು ನಾವು ಚೆಂದದ ದೃಶ್ಯವಾಗಿಯೇ ನೋಡುತ್ತೇವೆ. ಶೈಲಿ ಅಷ್ಟು ಸುಲಭವಾಗಿ ಮನುಷ್ಯನನ್ನು ವಿನ್ಯಾಸವಾಗಿಸಬಲ್ಲದು.

ಎಪ್ಪತ್ತು ವರ್ಷದ ನಂತರ ಅದೇ ಶಕ್ತಿ, ಅದೇ ತೊಡಕು ‘300’ ಚಿತ್ರದಲ್ಲಿ ಕಾಣಿಸಿತು. 2007ರಲ್ಲಿ ಬಂದ ಝ್ಯಾಕ್ ಸ್ನೈಡರ್ ನಿರ್ದೇಶನದ ಈ ಚಿತ್ರ ಕ್ರಿಸ್ತಪೂರ್ವ 480ರ ಥರ್ಮಾಪಿಲೆ ಕದನವನ್ನು ಫ್ರಾಂಕ್ ಮಿಲ್ಲರ್ ಬರೆದು ಲಿನ್ ವಾರ್ಲಿ ಬಣ್ಣ ತುಂಬಿದ ಚಿತ್ರಕಥಾ ಪುಸ್ತಕದ ಪುಟಗಳಂತೆಯೇ ತೆರೆಗೆ ತಂದಿತು. ಮಾಂಟ್ರಿಯಲ್‌ನ ಒಳಾಂಗಣದಲ್ಲಿ, ನೀಲಿ ಪರದೆಗಳ ಮುಂದೆ, ಬಹುತೇಕ ಹೊರಗಿನ ಆಕಾಶವನ್ನೇ ಕಾಣದೆ ತೆಗೆದ ಚಿತ್ರ. ಸುಮಾರು 1300 ಶಾಟ್‌ಗಳಿಗೆ ಗ್ರಾಫಿಕ್ಸ್ ಸ್ಪರ್ಶ. ಕಪ್ಪನ್ನು ಇನ್ನಷ್ಟು ಕಪ್ಪಾಗಿ ಒತ್ತಿ ಬಣ್ಣಗಳನ್ನು ಹಿಂಡಿ ತೆಗೆದು, ಕೆಂಪು ಹೊದಿಕೆ ಮತ್ತು ಕಂಚು ಮಾತ್ರ ಎದ್ದು ಕಾಣುವಂತೆ ಮಾಡಿದರು. ಸ್ಪಾರ್ಟದ ದೊರೆ ಲಿಯೊನಿಡಾಸ್ ಪರ್ಷಿಯನ್ ವೈರಿಗಳ ನಡುವೆ ನುಗ್ಗುವ ಉದ್ದನೆಯ ಶಾಟ್ ಒಂದಿದೆ. ಬೇರೆ ಬೇರೆ ಲೆನ್ಸಿನ ಮೂರು ಕ್ಯಾಮೆರಾಗಳನ್ನು ಒಟ್ಟಿಗೆ ಕಟ್ಟಿ ಹೆಚ್ಚು ವೇಗದಲ್ಲಿ ಓಡಿಸಿ, ಆಮೇಲೆ ದೂರದ ನೋಟದಿಂದ ಹತ್ತಿರದ ನೋಟಕ್ಕೆ ಕತ್ತರಿಯ ಗುರುತಿಲ್ಲದೆ ಜಿಗಿಸಿದರು. ಈಟಿ ಎಸೆಯುವವರೆಗೆ ಸಹಜ ವೇಗ, ತಾಗುವ ಕ್ಷಣ ನಿಧಾನ, ಮತ್ತೆ ವೇಗ. ಕಾಲದ ನಿಯಮವನ್ನು ಶಾಟ್‌ಗಳ ನಡುವಿನಿಂದ ತೆಗೆದು ಒಂದೇ ಶಾಟ್‌ನ ಒಳಕ್ಕೆ ತಂದದ್ದು ಈ ಚಿತ್ರದ ಹೊಸತನ. ಆನಂತರದ ಭಾರತೀಯ ಯುದ್ಧದೃಶ್ಯಗಳಲ್ಲಿ ಈ ನಿಧಾನ, ವೇಗ, ನಿಧಾನದ ಆಟ ಎಷ್ಟು ಬಳಕೆಯಾಗಿದೆಯೆಂದರೆ ಮೂಲ ನೋಡದವರಿಗೂ ಅದು ಕಂಠಪಾಠ.

ಇಲ್ಲೂ ಪರ್ಷಿಯದ ಆಯ್ದ ಯೋಧರಿಗೆ ಲೋಹದ ಮುಖವಾಡ. ವೈರಿಯ ಕಡೆ ವಿಕಾರ ದೇಹಗಳು, ಸ್ಪಾರ್ಟದ ಕಡೆ ಕಡೆದ ಮೈಕಟ್ಟು. ಸ್ಪಾರ್ಟನ್ನರ ಜೊತೆ ಕೊನೆಯವರೆಗೆ ನಿಂತು ಸತ್ತ ಥೆಸ್ಪಿಯ ಊರಿನ 700 ಜನರ ನೆನಪು ಚಿತ್ರಕ್ಕಿಲ್ಲ. ಇರಾನ್ ಪ್ರತಿಭಟಿಸಿತು, ಪ್ರತಿಭಟಿಸಲು ಕಾರಣವಿತ್ತು. ಆದರೆ ಸ್ನೈಡರ್ ಚಿತ್ರದ ಕಟ್ಟಿನಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಕಥೆಯನ್ನು ಹೇಳುತ್ತಿರುವುದು ಡಿಲಿಯೊಸ್ ಎಂಬ ಒಕ್ಕಣ್ಣ ಸೈನಿಕ. ಹೇಳುತ್ತಿರುವ ಹೊತ್ತು ಮರುವರ್ಷದ ಪ್ಲಟೇಯ ಕದನದ ಮುನ್ನ. ಕೇಳುತ್ತಿರುವವರು ಸಾಯಲು ಸಿದ್ಧರಾಗಬೇಕಾದ ಸೈನಿಕರು. ದೈತ್ಯರು, ಮುಖವಾಡಗಳು, ಉತ್ಪ್ರೇಕ್ಷೆಗಳೆಲ್ಲ ಮುಂದಿನ ಯುದ್ಧಕ್ಕೆ ಜನರನ್ನು ಹುರಿಗೊಳಿಸುವವನ ಬಾಯಿಂದ ಬಂದವು.

‘ನೆವ್‌ಸ್ಕಿ’ಯಲ್ಲಿ ಅಂಥ ಕಥೆಗಾರ ಪಾತ್ರವಿಲ್ಲ. ಆ ಕೆಲಸವನ್ನು ಚಿತ್ರವೇ ಮಾಡಿತು, ಮಾಡಿಸಿದವರು ತಮಗೆ ಬೇಕಾದಾಗ ತೆರೆದು ಬೇಡವಾದಾಗ ಮುಚ್ಚಿದರು. 1939ರ ಆಗಸ್ಟ್ 23ರಂದು ಸೋವಿಯತ್ ಒಕ್ಕೂಟ ಮತ್ತು ಜರ್ಮನಿ ಒಪ್ಪಂದಕ್ಕೆ ಸಹಿ ಹಾಕಿದ ಬಳಿಕ ಚಿತ್ರ ಟಾಕೀಸುಗಳಿಂದ ಮಾಯವಾಯಿತು. ಜರ್ಮನ್ನರನ್ನು ಮುಳುಗಿಸಿದ ಅದೇ ನಿರ್ದೇಶಕನಿಗೆ 1940ರಲ್ಲಿ ಬೊಲ್ಶೊಯ್ ರಂಗಮಂದಿರದಲ್ಲಿ ವಾಗ್ನರನ ‘ದಿ ವಾಲ್ಕ್ಯೂರಿ’ ಆಡಿಸುವ ಕೆಲಸ ಬಂತು. 1941ರ ಜೂನ್ 22ರಂದು ಜರ್ಮನ್ ಸೇನೆ ಗಡಿ ದಾಟಿದ ಮೇಲೆ ‘ನೆವ್‌ಸ್ಕಿ’ ಮತ್ತೆ ತೆರೆಗೆ ಮರಳಿತು. 1942ರ ಜುಲೈನಲ್ಲಿ ಸೇನಾಧಿಕಾರಿಗಳಿಗಾಗಿ ಅಲೆಕ್ಸಾಂಡರ್ ನೆವ್‌ಸ್ಕಿ ಪದಕವನ್ನು ಸ್ಥಾಪಿಸಿದರು. ಅದರಲ್ಲಿ ಕೆತ್ತಲು ಹದಿಮೂರನೆಯ ಶತಮಾನದ ರಾಜಕುಮಾರನ ಚಿತ್ರ ಯಾರ ಬಳಿಯೂ ಇರಲಿಲ್ಲ. ವಿನ್ಯಾಸಕಾರ ಚಿತ್ರದ ನಾಯಕ ನಟ ನಿಕೊಲಾಯ್ ಚೆರ್ಕಾಸೊವ್‌ನ ಮುಖವನ್ನೇ ತೆಗೆದುಕೊಂಡ. ಯುದ್ಧ ಮುಗಿಯುವಷ್ಟರಲ್ಲಿ ಸಾವಿರಾರು ಅಧಿಕಾರಿಗಳ ಎದೆಯ ಮೇಲೆ ನಟನೊಬ್ಬನ ಮುಖ ರಾಜಕುಮಾರನ ಹೆಸರಿನಲ್ಲಿ ಕೂತಿತ್ತು.

ಹಿಮದ ಕಥೆಯೂ ಹಾಗೆಯೇ ನೆಲೆಯೂರಿತು. ಜರ್ಮನ್ನರ ಭಾರಕ್ಕೆ ಸರೋವರ ಒಡೆದ ಪ್ರಸಂಗ ಈ ಚಿತ್ರದ ಮೂಲಕವೇ ಜನಜನಿತವಾಯಿತು ಎಂದು ಇತಿಹಾಸಕಾರ ಡೊನಾಲ್ಡ್ ಆಸ್ಟ್ರೊವ್‌ಸ್ಕಿ ವಾದಿಸಿದ್ದಾರೆ. ಪೈಪಸ್ ಕದನದ ಬಗ್ಗೆ ಗಂಭೀರವಾಗಿ ಬರೆಯಲು ಕೂತವರು ಇಂದಿಗೂ ಮೊದಲು ಆ ಅರ್ಧ ಗಂಟೆಯನ್ನು ಓದುಗರ ತಲೆಯಿಂದ ತೆಗೆಯುವ ಕೆಲಸ ಮಾಡಿ, ಆಮೇಲೆ ವೃತ್ತಾಂತದ ಆ ಕೆಲವು ಸಾಲುಗಳಿಗೆ ಬರುತ್ತಾರೆ.